12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ: ಮನೇಲಿ ಯಾರೂ ಒಪ್ತಿಲ್ಲ, ಹಾಕಿಸಿದವರು ಹೇಳಿ

ತುಮಕೂರು_ತಾಯಿ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 12 ತುಂಬಿದೆ, ಏಳನೇ ಕ್ಲಾಸು. ಗಂಟಲು ನೋವು ಅಂತ ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದಾಗ ಅವರು ಲಸಿಕೆ ಕಾರ್ಡು ತಿರುವಿ ನೋಡಿ, "ಎಚ್‌ಪಿವಿ ಇನ್ನೂ ಹಾಕಿಸಿಲ್ವಲ್ಲಮ್ಮ, ಈ ವಯಸ್ಸಲ್ಲಿ ಹಾಕಿಸಿಬಿಡಿ" ಅಂದ್ರು. ಯಾವುದಕ್ಕೆ ಅಂತ ಕೇಳಿದೆ. ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಬರದ ಹಾಗೆ ಅಂದ್ರು. ಮಗಳು ಪಕ್ಕದಲ್ಲೇ ಕೂತಿದ್ಲು, ಜಾಸ್ತಿ ಕೇಳೋಕೆ ಮುಜುಗರ ಆಯ್ತು.

ಮನೇಲಿ ಹೇಳಿದ್ರೆ ಅತ್ತೆ, "ಇನ್ನೂ ದೊಡ್ಡವಳೇ ಆಗಿಲ್ಲ, ಗರ್ಭಕೋಶದ ಇಂಜೆಕ್ಷನ್ ಯಾಕೆ? ನಾಳೆ ಮಕ್ಕಳಾಗದೆ ಹೋದ್ರೆ ಯಾರು ಜವಾಬ್ದಾರಿ?" ಅಂತಾರೆ. ನಮ್ಮನೆಯವರು ಮೊಬೈಲಲ್ಲಿ ಹುಡುಕಿ, ಎಚ್‌ಪಿವಿ ಅಂದ್ರೆ ಗಂಡು-ಹೆಣ್ಣಿನ ಸಂಪರ್ಕದಿಂದ ಬರೋ ವೈರಸ್ಸು ಅಂತ ಓದಿ, "ನಮ್ಮ ಮಗಳಿಗೆ ಅದರ ಅಗತ್ಯ ಏನು" ಅಂತ ಮಾತೇ ಮುಗಿಸಿಬಿಟ್ರು. ಬೆಲೆ ಬೇರೆ. ಒಂದು ಕಂಪನಿಯದು ಡೋಸಿಗೆ 2000 ಅಂತಾರೆ, ಇನ್ನೊಂದು 10,000ದ ಮೇಲೆ. ಯಾಕಿಷ್ಟು ವ್ಯತ್ಯಾಸ ಅಂತಲೂ ಗೊತ್ತಿಲ್ಲ.

ಹಾಕಿಸಿದ ತಾಯಂದಿರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮಲ್ಲಿಗೆಮೊಗ್ಗು:

ನಾನೂ ಇದನ್ನೇ ಕೇಳ್ಬೇಕು ಅಂತಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಬ್ರು ಇದನ್ನ ಹಾಕಿಸಿದ್ರೆ ಮುಟ್ಟು ಏರುಪೇರಾಗುತ್ತೆ ಅಂತ ವಿಡಿಯೋ ಹಾಕಿದ್ರು. ಅದನ್ನ ನೋಡಿದ ಮೇಲೆ ಮೂರು ಜನ ಹಾಕಿಸೋದನ್ನ ಬಿಟ್ರು.

ಮೈಸೂರು_ಸೊಸೆ:

ನಾನು ದೊಡ್ಡವಳಿಗೆ 13ರಲ್ಲಿ ಹಾಕಿಸಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್. ಆರು ತಿಂಗಳು ಬಿಟ್ಟು ಎರಡನೇ ಡೋಸ್. ತೋಳು ಒಂದು ದಿನ ನೋಯ್ತಿತ್ತು, ಸ್ಕೂಲ್ ಬ್ಯಾಗ್ ಇನ್ನೊಂದು ಹೆಗಲಿಗೆ ಹಾಕ್ಕೊಂಡು ಹೋದ್ಲು, ಅಷ್ಟೇ. ಮುಟ್ಟು ಅದರ ಪಾಡಿಗೆ ಅದು ಬರ್ತಿದೆ. ಇಂಜೆಕ್ಷನ್ ಆದ್ಮೇಲೆ 15 ನಿಮಿಷ ಅಲ್ಲೇ ಕೂರಿಸ್ತಾರೆ, ಈ ವಯಸ್ಸಿನ ಮಕ್ಕಳು ಸೂಜಿ ಕಂಡು ತಲೆಸುತ್ತಿ ಬೀಳೋದುಂಟು. ಖಾಲಿ ಹೊಟ್ಟೇಲಿ ಮಾತ್ರ ಕರ್ಕೊಂಡು ಹೋಗ್ಬೇಡಿ.

ನಮ್ಮನೇಲಿ ಅತ್ತೆಗೆ ಹೇಳಲೇ ಇಲ್ಲ. ಟಿ.ಟಿ. ಇಂಜೆಕ್ಷನ್ ಅಂದೆ. (ಸರಿಯೋ ತಪ್ಪೋ, ಬೈಯೋರು ಬೈಯಬಹುದು.)

ಸಿಸ್ಟರ್_ಪಿಎಚ್‌ಸಿ:

ನಾನು ಹಾಸನ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ತುಮಕೂರಿನವರೇ, ನಿಮ್ಮ ಅತ್ತೆಯ ಪ್ರಶ್ನೆ ನನಗೆ ಹೊಸದಲ್ಲ, ವಾರಕ್ಕೊಮ್ಮೆ ಯಾರಾದ್ರೂ ಕೇಳೇ ಕೇಳ್ತಾರೆ.

ಈ ಇಂಜೆಕ್ಷನ್ ಕೊಡೋದು ತೋಳಿಗೆ. ಗರ್ಭಕೋಶಕ್ಕೆ ಅದು ಏನೂ ಮಾಡಲ್ಲ. ಅದರಲ್ಲಿ ಜೀವ ಇರೋ ವೈರಸ್ ಇಲ್ಲ, ಸತ್ತ ವೈರಸ್ಸೂ ಇಲ್ಲ. ವೈರಸ್ಸಿನ ಮೇಲಿನ ಕವಚದ ಪ್ರೋಟೀನ್ ಮಾತ್ರ. ದೇಹ ಅದನ್ನ ಗುರುತು ಹಿಡಿದು ಇಟ್ಕೊಳ್ಳುತ್ತೆ. ಎಚ್‌ಪಿವಿಯಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ, ಅವುಗಳಲ್ಲಿ 16 ಮತ್ತು 18 ಅನ್ನೋ ಎರಡೇ ಸುಮಾರು ಶೇಕಡಾ 70ರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಕಾರಣ. 2000 ರೂಪಾಯಿಯ ಸರ್ವಾವ್ಯಾಕ್ ಈ ಎರಡರ ಜೊತೆ 6 ಮತ್ತು 11ನ್ನೂ ತಡೆಯುತ್ತೆ. 10,000ದ ಮೇಲಿನದು ಗಾರ್ಡಸಿಲ್ 9, ಒಂಬತ್ತು ಬಗೆಗೆ. ಅದು ಒಳ್ಳೇದೇ, ಆದ್ರೆ ಅದನ್ನ ಕೊಳ್ಳೋಕಾಗಲ್ಲ ಅಂತ ಎರಡನ್ನೂ ಬಿಟ್ಟವರನ್ನ ನೋಡಿದೀನಿ. ಹಂಗೆ ಮಾಡ್ಬೇಡಿ.

ಇನ್ನು ನಿಮ್ಮ ಯಜಮಾನರ ಮಾತು. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕ್ತೀವಿ. ಅದೂ ರಕ್ತದಿಂದ, ದೇಹ ಸಂಪರ್ಕದಿಂದ ಹರಡೋ ಕಾಯಿಲೆನೇ. ಇಷ್ಟು ವರ್ಷದ ಸರ್ವೀಸಲ್ಲಿ ಒಬ್ಬ ಅಪ್ಪನೂ "ನಮ್ಮ ಮಗು ಅಂಥದ್ದಲ್ಲ" ಅಂದಿದ್ದನ್ನ ನಾನು ಕೇಳಿಲ್ಲ. 12 ವರ್ಷದ ಹುಡುಗಿ ಅಂದಾಗ ಮಾತ್ರ ನಡತೆಯ ಪ್ರಶ್ನೆ ಬಂದುಬಿಡುತ್ತೆ. ಎಚ್‌ಪಿವಿ ಎಷ್ಟು ಸಾಮಾನ್ಯ ಅಂದ್ರೆ ಮದುವೆಯಾದ ಬಹುತೇಕ ಗಂಡಸು-ಹೆಂಗಸರಿಗೆ ಜೀವನದಲ್ಲಿ ಯಾವಾಗಲಾದ್ರೂ ತಗುಲಿ ಹೋಗಿರುತ್ತೆ. ಒಬ್ಬನೇ ಗಂಡ, ಒಬ್ಬಳೇ ಹೆಂಡತಿ ಅನ್ನೋರಿಗೂ ಬರುತ್ತೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳಿದು, 10-20 ವರ್ಷ ಒಳಗೊಳಗೇ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತೆ. ತಗುಲಿದ ಮೇಲೆ ಲಸಿಕೆ ಅದನ್ನ ಓಡಿಸಲ್ಲ. ಅದಕ್ಕೇ 9ರಿಂದ 14ರೊಳಗೆ ಅನ್ನೋದು.

ಟಿ.ಟಿ. ಅಂತ ಸುಳ್ಳು ಹೇಳಿದ ಮೈಸೂರಿನವರಿಗೆ: ಬೈಯಲ್ಲ. ಆದ್ರೆ ಕಾರ್ಡಲ್ಲಿ ಎಚ್‌ಪಿವಿ ಅಂತಲೇ ಬರೆಸಿಟ್ಕೊಳ್ಳಿ. ನಾಳೆ ಮಗಳಿಗೆ ಬೇಕಾಗುತ್ತೆ.

ಯಾಕಿಷ್ಟು_ಅವಸರ:

ಎಲ್ಲರೂ ಹಾಕಿಸಿ ಹಾಕಿಸಿ ಅಂತೀರಿ. ಆಗ ಆಂಧ್ರದಲ್ಲಿದ್ದ (ಈಗ ತೆಲಂಗಾಣ) ಖಮ್ಮಂನಲ್ಲಿ ಬುಡಕಟ್ಟು ಹುಡುಗಿಯರಿಗೆ ಇದೇ ಲಸಿಕೆ ಹಾಕಿ ಏಳು ಮಕ್ಕಳು ಸತ್ತಿದ್ದು ಯಾರಿಗೂ ನೆನಪಿಲ್ವಾ? ನಾನು ಲಸಿಕೆ ವಿರೋಧಿ ಅಲ್ಲ, ನನ್ನ ಮಗನಿಗೆ ಎಲ್ಲಾ ಹಾಕಿಸಿದೀನಿ. ಆದ್ರೆ ಬಡವರ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದನ್ನ ಮರೆತು ಕಂಪನಿ ಹೇಳಿದ್ದಕ್ಕೆಲ್ಲ ತಲೆಯಾಡಿಸೋಕೆ ನನ್ನಿಂದ ಆಗಲ್ಲ.

ಹಳೇಪೇಪರ್:

@ಯಾಕಿಷ್ಟು_ಅವಸರ ಕೇಳಬೇಕಾದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ.

2009ರಲ್ಲಿ ಪಾತ್ ಅನ್ನೋ ಅಮೆರಿಕದ ಸಂಸ್ಥೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ ಸೇರಿ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸುಮಾರು 24,000 ಹುಡುಗಿಯರಿಗೆ ಲಸಿಕೆ ಹಾಕಿತು. ಏಳು ಸಾವಾಗಿದ್ದು ನಿಜ. ಐದು ಆಂಧ್ರದಲ್ಲಿ, ಎರಡು ಗುಜರಾತಲ್ಲಿ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ತನಿಖಾ ಸಮಿತಿ ನೋಡಿದಾಗ ಒಬ್ಬಳು ನೀರಲ್ಲಿ ಮುಳುಗಿದ್ದು, ಒಬ್ಬಳಿಗೆ ಹಾವು ಕಚ್ಚಿದ್ದು, ಕೀಟನಾಶಕ ಕುಡಿದದ್ದು, ಮಲೇರಿಯಾ, ಹೀಗೆ ಕಾರಣಗಳು ಸಿಕ್ಕವು. ಲಸಿಕೆಗೂ ಸಾವಿಗೂ ಸಂಬಂಧ ಕಾಣಲಿಲ್ಲ.

ಹಾಗಂತ ಎಲ್ಲ ಸರಿಯಾಗಿತ್ತು ಅಂತ ಅಲ್ಲ. ಆ ಹುಡುಗಿಯರಲ್ಲಿ ಅನೇಕರು ಹಾಸ್ಟೆಲ್ ಮಕ್ಕಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ವಾರ್ಡನ್‌ಗಳು. ಅಪ್ಪ-ಅಮ್ಮಂದಿರಿಗೆ ಏನು, ಯಾಕೆ ಅಂತ ಹೇಳೋ ಕಷ್ಟ ಯಾರೂ ತಗೊಳ್ಳಲಿಲ್ಲ. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನೇ ಹಿಡಿದು ಕಟುವಾಗಿ ಬರೆಯಿತು. ಲಸಿಕೆಯ ಮೇಲಿನ ಸಿಟ್ಟು ಅಂತ ನಾವು ಅಂದುಕೊಂಡಿರೋದು ಅರ್ಧಕ್ಕರ್ಧ ಆ ಸಹಿಯ ಮೇಲಿನ ಸಿಟ್ಟು. ಅದು ನ್ಯಾಯವಾದ ಸಿಟ್ಟೇ.

ಇನ್ನೊಂದು ವಿಚಿತ್ರ ಕೇಳಿ. ಅದೇ ಸಮಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಮ್ಮ ದೇಶದಲ್ಲಿ ಬೇರೆಯೇ ಒಂದು ಅಧ್ಯಯನ ನಡೆಸ್ತಿತ್ತು, ಎರಡು ಡೋಸ್ ಸಾಕಾ ಮೂರು ಬೇಕಾ ಅಂತ. ಸರ್ಕಾರದ ಆದೇಶದಿಂದ ಅದೂ ನಡುವೆಯೇ ನಿಂತುಹೋಯ್ತು. ಎಷ್ಟೋ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಅವರನ್ನೇ ಹತ್ತು ವರ್ಷ ಗಮನಿಸ್ತಾ ಬಂದರು. 2021ರಲ್ಲಿ ಫಲಿತಾಂಶ ಪ್ರಕಟವಾಯ್ತು: 16, 18ರ ಸೋಂಕು ದೇಹದಲ್ಲಿ ಬೇರೂರದಂತೆ ತಡೆಯೋದ್ರಲ್ಲಿ ಒಂದು ಡೋಸ್ ಕೂಡ ಶೇಕಡಾ 95ರಷ್ಟು ಪರಿಣಾಮಕಾರಿ. 2022ರ ಡಿಸೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9-14ರ ಹುಡುಗಿಯರಿಗೆ ಒಂದೋ ಎರಡೋ ಡೋಸ್ ಸಾಕು ಅಂದಿತು. ಆ ಮಾತಿನ ಹಿಂದಿರೋ ಮುಖ್ಯ ಪುರಾವೆಗಳಲ್ಲಿ ನಮ್ಮ ಈ ನಿಂತುಹೋದ ಅಧ್ಯಯನವೂ ಒಂದು.

ಯಾಕಿಷ್ಟು_ಅವಸರ:

ಒಂದು ಡೋಸಿನ ಕಥೆ ಗೊತ್ತಿರಲಿಲ್ಲ. ಸರಿ. ಆದ್ರೂ ಸ್ಕೂಲಲ್ಲಿ ನಮ್ಮನ್ನ ಕೇಳದೆ ಹಾಕಿದ್ರೆ ನಾನು ಜಗಳ ಮಾಡೋಳೇ.

ಹಳೇಪೇಪರ್:

ಮಾಡ್ಲೇಬೇಕು. ನಾನೂ ಬರ್ತೀನಿ.

ಹೈಸ್ಕೂಲ್_ಟೀಚರ್:

ಸ್ಕೂಲಿನ ಮಾತು ಬಂತಲ್ಲ, ನಮ್ಮಲ್ಲಿ ನಡೆದದ್ದು ಹೇಳ್ತೀನಿ. ಅರಸೀಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆ. ಪೋಷಕರ ಸಭೆಗೆ ತಾಲ್ಲೂಕು ಆಸ್ಪತ್ರೆಯಿಂದ ಒಬ್ಬ ಡಾಕ್ಟರ್ ಮೇಡಂ ಬಂದು ಈ ಲಸಿಕೆ ಬಗ್ಗೆ ಮಾತಾಡಿದ್ರು. ಬಂದಿದ್ದವರಲ್ಲಿ ಮುಕ್ಕಾಲು ಪಾಲು ತಾಯಂದಿರು, ಹಿಂದಿನ ಬೆಂಚಲ್ಲಿ ನಾಲ್ಕೈದು ಜನ ಅಪ್ಪಂದಿರು. ಮೇಡಂ "ಗರ್ಭಕಂಠದ ಕ್ಯಾನ್ಸರ್ ಹೆಸರು ಕೇಳಿದೀರಾ" ಅಂದಾಗ ಒಂದಿಬ್ಬರು ಕೈಯೆತ್ತಿದ್ರು. ಸ್ತನ ಕ್ಯಾನ್ಸರ್ ಅಂದಾಗ ಎಲ್ಲರೂ ಹೂಂ ಅಂದ್ರು. ಪ್ರಶ್ನೆ ಇದ್ರೆ ಕೇಳಿ ಅಂದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತಾ ಕೂತಿದ್ರು. ಒಬ್ಬ ಅಪ್ಪ ಮಾತ್ರ "ದುಡ್ಡು ಎಷ್ಟಾಗುತ್ತೆ" ಅಂತ ಕೇಳಿದ್ರು.

ಸಭೆ ಮುಗಿದು ಗಂಡಸರು ಟೀಗೆ ಅಂತ ಹೊರಗೆ ಹೋದ್ರಲ್ಲ, ಆಮೇಲೆ ನೋಡಿ. ಸ್ಟಾಫ್ ರೂಮಿನ ಪಕ್ಕದ ಕಾರಿಡಾರಲ್ಲಿ ಡಾಕ್ಟರ್ ಮೇಡಂ ಸುತ್ತ ಹೆಂಗಸರು ಮುತ್ತಿಕೊಂಡ್ರು. ಮಗಳ ಲಸಿಕೆ ಬಗ್ಗೆ ಒಬ್ಬರೂ ಕೇಳಲಿಲ್ಲ. "ನಂಗೆ ಎರಡು ವರ್ಷದಿಂದ ಬಿಳಿ ಹೋಗುತ್ತೆ, ಅದು ಅದೇನಾ?" "ಯಜಮಾನ್ರ ಜೊತೆ ಮಲಗಿದಾಗ ರಕ್ತ ಕಾಣುತ್ತೆ ಮೇಡಂ, ಯಾರಿಗೂ ಹೇಳಿಲ್ಲ." "ನಮ್ಮವ್ವ ಇದ್ರಲ್ಲೇ ಹೋಗಿದ್ದು ಅನ್ಸುತ್ತೆ, ಆಗ ಗೊತ್ತಾಗ್ಲಿಲ್ಲ." ಇಂಥವೇ. ಆ ಮೇಡಂ ಬಸ್ಸು ತಪ್ಪಿಸ್ಕೊಂಡ್ರು, ಆದ್ರೆ ಅಷ್ಟೂ ಜನರ ಮಾತು ಕೇಳಿದ್ರು.

ಒಪ್ಪಿಗೆ ಪತ್ರ ಮನೆಗೆ ಕಳಿಸಿದೆವು. ವಾಪಸ್ ಬಂದವುಗಳಲ್ಲಿ ಹೆಚ್ಚಿನವು ಅಪ್ಪಂದಿರ ಸಹಿಯವು. ತಾಯಂದಿರನ್ನ ಕೇಳಿದ್ರೆ "ಅವ್ರನ್ನ ಕೇಳಿ ಹೇಳ್ತೀನಿ ಮಿಸ್". ತಾಯಂದಿರಿಗೆ ಅರಿವು ಮೂಡಿಸಿ ಅಂತ ಎಲ್ಲರೂ ನಮಗೆ ಸುತ್ತೋಲೆ ಕಳಿಸ್ತಾರೆ. ಅರಿವು ಮೂಡಿದ ತಾಯಿಗೂ ಸಹಿ ಹಾಕೋ ಪೆನ್ನು ಸಿಗಬೇಕಲ್ಲ.

ಎರಡು_ಮಕ್ಕಳಪ್ಪ:

ಟೀಚರ್ ಮೇಡಂ ಹೇಳಿದ ಹಿಂದಿನ ಬೆಂಚಿನ ಅಪ್ಪ ನಾನೇ ಇರಬಹುದು ಅನ್ನಿಸ್ತು, ಬೇರೆ ಊರು ಅಷ್ಟೇ. ನಮ್ಮನೇಲಿ ತಡ ಆಗಿದ್ದು ನನ್ನಿಂದಲ್ಲ ಅಂತ ನನ್ನ ಹೆಂಡತಿ ಹೇಳಲ್ಲ.

ಒಂದು ಪ್ರಶ್ನೆ. ಗಂಡುಮಕ್ಕಳಿಗೂ ಇದೆ ಅಂತಾರಲ್ಲ, ಮಗನಿಗೂ ಹಾಕಿಸಬಹುದಾ? ವೈರಸ್ಸನ್ನ ತಂದುಕೊಡೋದು ನಾವು, ಇಂಜೆಕ್ಷನ್ ಚುಚ್ಚಿಸ್ಕೊಳ್ಳೋದು ಅವರು ಅಂದ್ರೆ ಹೆಂಗೆ.

ಸಿಸ್ಟರ್_ಪಿಎಚ್‌ಸಿ:

ಹಾಕಿಸಬಹುದು ಸರ್. ಸರ್ವಾವ್ಯಾಕ್‌ಗೆ 9ರಿಂದ 26ರವರೆಗೆ ಗಂಡು-ಹೆಣ್ಣು ಇಬ್ಬರಿಗೂ ಅನುಮತಿ ಇದೆ. ಗಂಡಸರಲ್ಲೂ ಈ ವೈರಸ್ಸಿನಿಂದ ಗಂಟಲು, ಗುದದ್ವಾರ, ಜನನಾಂಗದ ಕ್ಯಾನ್ಸರ್, ನರುಲಿ ಬರುತ್ತೆ. ಆದ್ರೆ ದುಡ್ಡು ಒಬ್ಬರಿಗೇ ಸಾಲೋದು ಅಂತಾದ್ರೆ ಮೊದಲು ಮಗಳಿಗೆ.

ಮಲ್ಲಿಗೆಮೊಗ್ಗು:

ಸರ್ಕಾರದಿಂದ ಪುಕ್ಕಟೆ ಕೊಡ್ತಾರಂತಲ್ಲ? 2024ರ ಫೆಬ್ರುವರಿ 1ರಂದು ಬಜೆಟಲ್ಲಿ ನಿರ್ಮಲಾ ಸೀತಾರಾಮನ್ 9-14ರ ಹುಡುಗಿಯರಿಗೆ ಈ ಲಸಿಕೆ ಹಾಕಿಸೋದಕ್ಕೆ ಪ್ರೋತ್ಸಾಹ ಕೊಡ್ತೀವಿ ಅಂತ ಹೇಳಿದ್ದು ನೆನಪಿದೆ. ಮಾರನೇ ದಿನವೇ ಮುಂಬೈನ ಒಬ್ಬ ನಟಿ ಇದೇ ಕ್ಯಾನ್ಸರಿಂದ ಸತ್ರು ಅಂತ ಸುದ್ದಿ, ಅದರ ಮಾರನೇ ದಿನ "ನಾನು ಬದುಕಿದೀನಿ, ಜಾಗೃತಿಗೋಸ್ಕರ ಹಂಗೆ ಮಾಡಿದೆ" ಅಂತ ವಿಡಿಯೋ! ಬೈಗುಳ ಸರಿಯಾಗೇ ಬಿತ್ತು. ಆದ್ರೆ ನಮ್ಮಮ್ಮ ಮೊದಲ ಸಲ "ಅದೆಲ್ಲಿಗೆ ಬರೋ ಕ್ಯಾನ್ಸರೇ" ಅಂತ ನನ್ನ ಕೇಳಿದ್ದು ಅವತ್ತೇ.

ಸಿಸ್ಟರ್_ಪಿಎಚ್‌ಸಿ:

ಖಾಸಗಿಯಲ್ಲಿ ದುಡ್ಡು ಕೊಡೋಕೆ ಮುಂಚೆ ನಿಮ್ಮ ಆಶಾ ಕಾರ್ಯಕರ್ತೆನೋ ಪಿಎಚ್‌ಸಿನೋ ಕೇಳಿ. ಯಾವ ವಯಸ್ಸಿನವರಿಗೆ ಕೊಡ್ತಿದಾರೆ, ಯಾವತ್ತು ಕೊಡ್ತಾರೆ ಅಂತ ಅವರಿಗೆ ಗೊತ್ತಿರುತ್ತೆ. ಸಿಕ್ಕಿಂ 2018ರಲ್ಲೇ ಶಾಲೆಗಳಲ್ಲಿ ಹಾಕಿ ಶೇಕಡಾ 97ರಷ್ಟು ಹುಡುಗಿಯರನ್ನ ಮುಟ್ಟಿತ್ತು. ಅದಕ್ಕೂ ಮುಂಚೆ 2016ರಲ್ಲಿ ಪಂಜಾಬಿನ ಎರಡು ಜಿಲ್ಲೆ, ಬಠಿಂಡಾ ಮತ್ತು ಮಾನ್ಸಾ. ಬೆಟ್ಟದ ಮೇಲಿನ ಪುಟ್ಟ ರಾಜ್ಯದಲ್ಲಿ ಆಗಿದ್ದು ಬೇರೆ ಕಡೆ ಆಗಲ್ಲ ಅನ್ನೋಕೆ ಕಾರಣ ಇಲ್ಲ.

ಕಲಬುರ್ಗಿ_ಅವ್ವ:

ಇಷ್ಟೊತ್ತು ಓದಕೋತ ಕೂತಿದ್ದೆ. ನಮ್ಮ ಕಡಿದು ಒಂದು ಮಾತು ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಟೀಚರ್ ಹೇಳಿದಂಗ ಬಿಳಿ ಹೋಗ್ತದ ಅಂತ ನಮ್ಮ ತಾಂಡಾದ ಹೆಣ್ಮಕ್ಳು ದವಾಖಾನಿಗಿ ಹೋದ್ರ ಏನಾಗ್ತಿತ್ತು ಗೊತ್ತದೇನ್ರಿ? ಒಂದು ಸ್ಕ್ಯಾನ್ ಮಾಡ್ತಿದ್ರು, "ಹಿಂಗೇ ಬಿಟ್ರ ಕ್ಯಾನ್ಸರ್ ಆಗ್ತದ, ಗರ್ಭಚೀಲ ತಗಸರಿ" ಅಂತಿದ್ರು. ನಮ್ಮ ಓಣ್ಯಾಗ ಒಬ್ಬಾಕಿ, ಮೂವತ್ತೂ ಆಗಿರಲಿಲ್ಲ, ಸಾಲ ಮಾಡಿ ಎಮ್ಮಿ ಮಾರಿ ತಗಿಸ್ಕೊಂಡ್ಳು. ಈಗ ಸೊಂಟ ಹಿಡೀತದ, ಮಣಕಾಲು ನೋಯ್ತಾವ, ಹೊಲದಾಗ ದುಡಿಯಾಕ ಆಗವಲ್ದು. ಆಕಿಗಿ ಒಬ್ರೂ ಗರ್ಭಚೀಲದ ಬಾಯಿಂದ ಜೀವಕೋಶ ತಗದು ನೋಡೋ ಪ್ಯಾಪ್ ಅಂತ ಟೆಸ್ಟ್ ಮಾಡಿಲ್ಲ, ತುಣುಕು ತಗದು ನೋಡಿಲ್ಲ. ಬರೇ ಕ್ಯಾನ್ಸರ್ ಅನ್ನೋ ಹೆಸರು ಸಾಕಾತು. 2015ರಾಗ ನಮ್ಮ ಜಿಲ್ಲಾದಾಗ ಇಂಥಾ ಹೆಣ್ಮಕ್ಳು ಬೀದಿಗಿ ಬಂದ್ರು, ಪೇಪರ್ನಾಗೂ ಬಂತು, ತನಿಖೀನೂ ಆತು.

ಹಿಂಗಾಗಿ ನಮ್ಮ ಕಡಿ ಎರಡು ಥರದ ಮಂದಿ ಅದಾರ. ಒಬ್ರು "ಚೀಲ ತಗಸೀವಿ, ಇನ್ನ ನಮಗೇನು ಚಿಂತಿ" ಅಂತಾರ. ಇನ್ನೊಬ್ರು "ದವಾಖಾನಿಗಿ ಹೋದ್ರ ಚೀಲ ಕಸ್ಕೋತಾರ" ಅಂತ ರಕ್ತ ಸುರಿದ್ರೂ ಹೋಗಂಗಿಲ್ಲ. ಅವರ ಮುಂದ ಹೋಗಿ ಮಗಳಿಗಿ ಲಸಿಕಿ ಹಾಕಸ್ರೀ ಅಂದ್ರ ನಂಬ್ತಾರೇನ್ರಿ? ಅವ್ರದು ಅಜ್ಞಾನ ಅಂತ ಬರೀಬ್ಯಾಡ್ರಿ. ಅವ್ರು ಕಲ್ತದ್ದೇ ಹಂಗ ಅದ.

ಸಿಸ್ಟರ್_ಪಿಎಚ್‌ಸಿ:

ಅಕ್ಕಾ, ನಿಮ್ಮ ಮಾತಿಗೆ ನನ್ನ ಹತ್ರ ಎದುರು ಮಾತಿಲ್ಲ. ಒಂದಿಷ್ಟು ಸೇರಿಸ್ತೀನಿ.

ಬಿಳಿ ಹೋಗೋದಕ್ಕೆ ಹೆಚ್ಚಿನ ಸಲ ಕಾರಣ ಮಾಮೂಲಿ ಸೋಂಕು, ಮಾತ್ರೆಯಲ್ಲಿ ಹೋಗುತ್ತೆ. ಅದಕ್ಕೇ ಗರ್ಭಕೋಶ ತೆಗೆಯೋದು ಚಿಕಿತ್ಸೆ ಅಲ್ಲ. ಕ್ಯಾನ್ಸರ್ ಇದೆಯಾ ಇಲ್ವಾ ಅಂತ ತಿಳಿಯೋಕೆ ಬೇರೆ ಪರೀಕ್ಷೆ ಇದೆ, ಹೊಟ್ಟೆ ಸ್ಕ್ಯಾನಲ್ಲಿ ಶುರುವಿನ ಹಂತ ಕಾಣಲ್ಲ. ನಾವು ಮಾಡೋದು ವಿಐಎ. ಒಳಗೆ ಸ್ಪೆಕ್ಯುಲಮ್ ಅನ್ನೋ ಸಾಧನ ಇಟ್ಟು ಗರ್ಭಕಂಠ ಕಾಣೋ ಹಾಗೆ ಮಾಡಿ, ಹತ್ತಿಯಲ್ಲಿ ಶೇಕಡಾ 3ರಿಂದ 5ರ ಅಸಿಟಿಕ್ ಆಮ್ಲ ಹಚ್ತೀವಿ. ವಿನೆಗರ್ ಅಂದುಕೊಳ್ಳಿ, ವಾಸನೆಯೂ ಅದೇ. ಒಂದು ನಿಮಿಷ ಕಾಯೋದು. ಕೆಟ್ಟ ಜೀವಕೋಶ ಇರೋ ಜಾಗ ಬೆಳ್ಳಗಾಗುತ್ತೆ. ಬೆಳ್ಳಗಾದ ತಕ್ಷಣ ಕ್ಯಾನ್ಸರ್ ಅಂತಲ್ಲ. ಜಿಲ್ಲಾಸ್ಪತ್ರೆಗೆ ಕಳಿಸ್ತೀವಿ, ಅಲ್ಲಿ ದೊಡ್ಡದು ಮಾಡಿ ನೋಡೋ ಯಂತ್ರದಲ್ಲಿ ನೋಡ್ತಾರೆ, ಬೇಕಾದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಕ್ಯಾನ್ಸರ್ ಆಗೋಕೆ ಮುಂಚಿನ ಹಂತ ಆದ್ರೆ ಆ ಜಾಗವನ್ನಷ್ಟೇ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೀತಾರೆ. ಗರ್ಭಕೋಶ ಅಲ್ಲೇ ಇರುತ್ತೆ.

ಪರೀಕ್ಷೆಗೆ ಹೆಚ್ಚು ಅಂದ್ರೆ ಹತ್ತು ನಿಮಿಷ. ದುಡ್ಡಿಲ್ಲ. 30 ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಅಂತ ನಿಯಮ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದ್ರೆ ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದ್ರೂ ಈ ಪರೀಕ್ಷೆ ಮಾಡಿಸಿದವರು ನೂರಕ್ಕೆ ಇಬ್ಬರೂ ಇಲ್ಲ, 1.9. ನಮ್ಮ ಕೇಂದ್ರದಲ್ಲಿ ಬಿ.ಪಿ., ಶುಗರ್ ಅಂದ್ರೆ ಸಾಲು ನಿಲ್ತಾರೆ. ಒಳಗೆ ಬನ್ನಿ ಅಂದ್ರೆ "ಇವತ್ತು ಸ್ನಾನ ಮಾಡಿಲ್ಲ ಸಿಸ್ಟರ್" ಅಂತ ಹೊರಟೇಬಿಡ್ತಾರೆ. ಅದೂ ಅವರ ತಪ್ಪು ಅನ್ನಲ್ಲ. ಎಷ್ಟೋ ಕಡೆ ಆ ಕೋಣೆಗೆ ಸರಿಯಾದ ಚಿಲಕ ಇಲ್ಲ, ಪರದೆ ಇಲ್ಲ, ಹೊರಗೆ ಕೂತವರಿಗೆ ಎಲ್ಲ ಕೇಳುತ್ತೆ.

ಮೆಲ್ಬರ್ನ್_ಕನ್ನಡತಿ:

ಇಲ್ಲಿನದ್ದು ಒಂದೆರಡು ವಿಷಯ. ಆಸ್ಟ್ರೇಲಿಯಾ 2007ರಿಂದ ಹುಡುಗಿಯರಿಗೆ, 2013ರಿಂದ ಹುಡುಗರಿಗೂ ಶಾಲೆಯಲ್ಲೇ ಹಾಕ್ತಾ ಬಂದಿದೆ. 2023ರಿಂದ ಒಂದೇ ಡೋಸ್. ನನ್ನ ಮಗ ಏಳನೇ ಕ್ಲಾಸಲ್ಲಿದ್ದಾಗ ಒಪ್ಪಿಗೆ ಫಾರಂ ಬಂತು, ನಾನೇ ಸಹಿ ಹಾಕಿದೆ, ಊರಿಗೆ ಫೋನ್ ಮಾಡಿ ಕೇಳೋ ಪ್ರಶ್ನೆ ಬರಲಿಲ್ಲ. 2035ರ ಹೊತ್ತಿಗೆ ಈ ಕ್ಯಾನ್ಸರನ್ನ ಇಲ್ಲವಾಗಿಸ್ತೀವಿ ಅಂತ ಗುರಿ ಇಟ್ಕೊಂಡಿದಾರೆ.

ಆದ್ರೆ ನಿಜವಾಗಿ ಹೊಟ್ಟೆಕಿಚ್ಚು ಪಡಬೇಕಾದ್ದು ಇದಲ್ಲ. ಇಲ್ಲಿ 25ರಿಂದ 74ರವರಿಗೆ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ. 2022ರ ಜುಲೈಯಿಂದ ಯಾರು ಬೇಕಾದ್ರೂ ಮಾದರಿಯನ್ನ ತಾವೇ ತಗೋಬಹುದು. ಡಾಕ್ಟರ್ ಒಂದು ಉದ್ದನೆ ಹತ್ತಿಕಡ್ಡಿ ಕೊಡ್ತಾರೆ, ಪರದೆ ಹಿಂದೆ ಹೋಗಿ ನೀವೇ ಮಾಡ್ಕೊಂಡು ಬರೋದು. ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಇದನ್ನ ಕೇಳಿ, "ಇಷ್ಟೇ ಆಗಿದ್ರೆ ನಮ್ಮೂರಲ್ಲಿ ಯಾರು ಬೇಡ ಅಂತಿದ್ರು" ಅಂದ್ರು.

ಅಶೋಕವನ:

ಅಲೋಪತಿ ಹಿಂದೆ ಯಾಕೆ ಓಡ್ತೀರಿ? ಅಶೋಕಾರಿಷ್ಟ, ಲೋಳೆಸರ ದಿನಾ ತಗೊಂಡ್ರೆ ಗರ್ಭಕೋಶಕ್ಕೆ ಏನೂ ಬರಲ್ಲ.

ಕಿದ್ವಾಯಿ_ನೋಡಿದವಳು:

@ಅಶೋಕವನ ನಮ್ಮಮ್ಮನೂ ಹಾಗೇ ಅಂದ್ಕೊಂಡಿದ್ರು.

ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ ಒಂದು ದಿನ ಸೀರೆಗೆ ಕಲೆ ಆಯ್ತಂತೆ. ಉಷ್ಣ ಆಗಿದೆ ಅಂತ ಮೆಂತ್ಯ ನೆನೆಸಿದ ನೀರು, ಎಳನೀರು, ಆಮೇಲೆ ಯಾರೋ ಹೇಳಿದ ಕಷಾಯ. ಪಕ್ಕದ ಮನೆ ಅಜ್ಜಿ "ಪರವಾಗಿಲ್ವೇ, ಇನ್ನೂ ವಯಸ್ಸಾಗಿಲ್ಲ ನಿಂಗೆ" ಅಂತ ನಕ್ಕರಂತೆ. ನನಗೂ ತಮ್ಮನಿಗೂ ಒಂದು ಮಾತು ಹೇಳ್ಲಿಲ್ಲ. ಸೊಂಟ ನೋವು ತಡೀಲಾಗದೆ ಕಾಲು ಊದಿಕೊಂಡಾಗ್ಲೇ ಗೊತ್ತಾಗಿದ್ದು. ಅಷ್ಟರಲ್ಲಿ ಮೂರನೇ ಹಂತ.

ಬೆಂಗಳೂರಿನ ಕಿದ್ವಾಯಿಗೆ ಕರ್ಕೊಂಡು ಹೋದೆವು. ಐದು ವಾರ, ಶನಿವಾರ-ಭಾನುವಾರ ಬಿಟ್ಟು ದಿನಾ ಕರೆಂಟು (ರೇಡಿಯೇಷನ್‌ಗೆ ಅಲ್ಲಿ ಎಲ್ಲರೂ ಹಾಗೇ ಅನ್ನೋದು), ವಾರಕ್ಕೊಂದು ಕೀಮೋ, ಕೊನೇಲಿ ಒಳಗಿಂದ ಕಿರಣ ಕೊಡೋದು. ಬಿಪಿಎಲ್ ಕಾರ್ಡ್ ಇದ್ದಿದ್ರಿಂದ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಖರ್ಚು ಹೋಯ್ತು. ಊಟ, ಓಡಾಟ, ನನ್ನ ಕೂಲಿ ಹೋಗಿದ್ದು ಲೆಕ್ಕಕ್ಕಿಲ್ಲ. ಕಾಯೋ ಜಾಗದಲ್ಲಿ ನಮ್ಮಮ್ಮನ ವಯಸ್ಸಿನವರೇ, ರಾಯಚೂರು, ಚಾಮರಾಜನಗರ, ಅನಂತಪುರದವರು. ಮಾತಿಗೆ ಕೂತ್ರೆ ಎಲ್ಲರ ಕಥೆನೂ ಒಂದೇ: ಕಂಡಿತ್ತು, ಹೇಳ್ಲಿಲ್ಲ. ಗರ್ಭಕೋಶದ್ದು ಅಂತ ಮಗನಿಗೆ ಹೆಂಗೆ ಹೇಳೋದು ಅಂತ ಒಬ್ರು ನನ್ನನ್ನೇ ಕೇಳಿದ್ರು.

ಅಮ್ಮ ಇದ್ದಾರೆ. ಮೂರು ತಿಂಗಳಿಗೊಮ್ಮೆ ಚೆಕಪ್. ಯಾವ ಲಸಿಕೆ ಯಾವ ಕಂಪನಿ ಅಂತ ಇಲ್ಲಿ ಕೇಳ್ತಿರೋ ಅಮ್ಮಂದಿರೆಲ್ಲ 30 ದಾಟಿದವರೇ ಇರ್ತೀರಿ. ಮಗಳಿಗೆ ಇಂಜೆಕ್ಷನ್ ಸರಿ. ನಿಮ್ಮದು ಯಾವಾಗ ನೋಡಿಸಿದ್ರಿ?

ಮಲ್ಲಿಗೆಮೊಗ್ಗು:

ಯಾವತ್ತೂ ಇಲ್ಲ. 38 ವಯಸ್ಸು.

ಮೈಸೂರು_ಸೊಸೆ:

ಎರಡನೇ ಹೆರಿಗೆ ಆದ್ಮೇಲೆ ಒಂದ್ಸಲ. ಒಂಬತ್ತು ವರ್ಷ ಆಯ್ತು. ಅದಾದ್ಮೇಲೆ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಯಾಕಿಷ್ಟು_ಅವಸರ:

ಇಲ್ಲ.

ಹೈಸ್ಕೂಲ್_ಟೀಚರ್:

ಆ ಸಭೆಯ ಮಾರನೇ ವಾರ ನಾನೂ ನಮ್ಮ ಹಿಂದಿ ಮೇಡಂ ಹೋಗಿ ಮಾಡಿಸ್ಕೊಂಡು ಬಂದ್ವಿ. ಅದಕ್ಕೆ ಮುಂಚೆ ಇಲ್ಲ.

ತುಮಕೂರು_ತಾಯಿ:

ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹೆಪಟೈಟಿಸ್ ಬಿ ವಿಷಯ ನಮ್ಮನೆಯವರಿಗೆ ತೋರಿಸಿದೆ. ಓದಿದ್ರು, ಏನೂ ಹೇಳ್ಲಿಲ್ಲ, ಮಾರನೇ ದಿನ ಬೆಳಗ್ಗೆ "ಪರೀಕ್ಷೆ ಮುಗೀಲಿ, ಬೇಸಿಗೆ ರಜೇಲಿ ಹಾಕಿಸು" ಅಂದ್ರು. ಪಿಎಚ್‌ಸಿಯಲ್ಲಿ ಮೊದಲು ವಿಚಾರಿಸ್ತೀನಿ, ಅಲ್ಲಿ ಅವಳ ವಯಸ್ಸಿಗೆ ಇಲ್ಲ ಅಂದ್ರೆ 2000ದ್ದು. ಅತ್ತೆ ಇನ್ನೂ ಒಪ್ಪಿಲ್ಲ. ನನ್ನ ತಲೆ ಮೇಲೆ ಹಾಕಿ ಕೂತಿದ್ದಾರೆ, ಇರಲಿ.

ನನಗೆ 36. ಯಾವತ್ತೂ ಪರೀಕ್ಷೆ ಮಾಡಿಸಿಲ್ಲ. ಮೂರು ಪ್ರಶ್ನೆ ಸಿಸ್ಟರ್: ಅಲ್ಲಿ ಗಂಡಸು ಡಾಕ್ಟರ್ ಇದ್ರೆ? ಯಾವ ದಿನ ಹೋಗ್ಬೇಕು? ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ, ಆದ್ರೂ ಮಾಡಿಸ್ಬೇಕಾ?

ಸಿಸ್ಟರ್_ಪಿಎಚ್‌ಸಿ:

ವಿಐಎ ಮಾಡೋದು ಸಾಮಾನ್ಯವಾಗಿ ತರಬೇತಿ ಆಗಿರೋ ನರ್ಸುಗಳೇ, ನನ್ನಂಥವರು. ಮೊದಲೇ ಫೋನ್ ಮಾಡಿ ಕೇಳಿ, ಹೆಂಗಸರೇ ಬೇಕು ಅಂತ ಧೈರ್ಯವಾಗಿ ಹೇಳಿ. ಜೊತೆಗೊಬ್ಬರನ್ನ ಕರ್ಕೊಂಡು ಹೋಗಬಹುದು. ಮುಟ್ಟು ನಿಂತು ನಾಲ್ಕೈದು ದಿನ ಆದ್ಮೇಲೆ ಹೋಗಿ. ಅದಕ್ಕೆ ಎರಡು ದಿನ ಮುಂಚೆ ಸಂಪರ್ಕ ಬೇಡ, ಒಳಗೆ ಇಡೋ ಮಾತ್ರೆ-ಕ್ರೀಮು ಬೇಡ, ಒಳಗೆಲ್ಲ ನೀರು ಹಾಕಿ ತೊಳೆಯೋದೂ ಬೇಡ. ಸೀರೆನೋ ಚೂಡಿದಾರದ ಟಾಪೋ ಮೇಲಿಂದ ತೆಗೀಬೇಕಾಗಿಲ್ಲ. ಉಸಿರು ಬಿಗಿ ಹಿಡಿದ್ರೆ ನೋವಾಗುತ್ತೆ, ಬಾಯಿಂದ ಉಸಿರಾಡಿ. ಆಪರೇಷನ್‌ನಲ್ಲಿ ಕಟ್ಟೋದು ನಾಳ, ಗರ್ಭಕಂಠ ಇದ್ದಲ್ಲೇ ಇರುತ್ತೆ. ಹಾಗಾಗಿ ಮಾಡಿಸ್ಲೇಬೇಕು.

ಕಡಲೂರಿನಾಕೆ:

ತಡವಾಗಿ ಓದಿದೆ, ಒಂದು ಡೌಟ್ ಉಂಟು. ನನಗೆ 54, ಮುಟ್ಟು ನಿಂತು ಆರು ವರ್ಷ. ಇನ್ನು ನನಗೆ ಬೇಕಾ ಈ ಪರೀಕ್ಷೆ? ಮಗಳಿಗೆ 24, ಮದುವೆ ಗೊತ್ತಾಗಿದೆ. ಅವಳಿಗೆ ಲಸಿಕೆ ಲೇಟಾಯ್ತಾ ಮಾರಾಯ್ರೆ?

ಸಿಸ್ಟರ್_ಪಿಎಚ್‌ಸಿ:

ನಿಮಗೂ ಬೇಕು, 65ರವರೆಗೂ ಬೇಕು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತೆ, ವಿನೆಗರ್ ಹಚ್ಚಿದ್ರೆ ಸರಿಯಾಗಿ ಕಾಣಲ್ಲ. ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಹೋಗಿ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಕೇಳಿ. ಮಧ್ಯೆ ಒಂದು ಹನಿ ರಕ್ತ ಕಂಡ್ರೂ ಐದು ವರ್ಷ ಲೆಕ್ಕ ಹಾಕ್ತಾ ಕೂರಬೇಡಿ, ಆ ವಾರವೇ ಹೋಗಿ.

ಮಗಳಿಗೆ ಲೇಟಾಗಿಲ್ಲ. ನಮ್ಮಲ್ಲಿ 15 ದಾಟಿದವರಿಗೆ ಮೂರು ಡೋಸ್ ಅಂತ ಇದೆ, ಮೊದಲನೇ ಡೋಸ್ ಆಗಿ ಎರಡು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಗರ್ಭಿಣಿ ಆಗಿರುವಾಗ ಹಾಕಲ್ಲ, ಅದಕ್ಕೆ ಈಗಲೇ ಶುರು ಮಾಡಿದ್ರೆ ಅನುಕೂಲ. ಲಸಿಕೆ ಹಾಕಿಸಿದ್ರೂ 30 ಆದ್ಮೇಲೆ ಅವಳೂ ಪರೀಕ್ಷೆಗೆ ಬರಬೇಕು, ಅದನ್ನ ಅವಳಿಗೆ ಈಗಲೇ ಹೇಳಿಡಿ.

ಕಡಲೂರಿನಾಕೆ:

ಆಯ್ತು. ಅಳಿಯ ಆಗುವವನಿಗೆ 27, ಅವನಿಗೂ ಹಾಕಿಸಬಹುದಾ ಅಂತ ಮಗಳು ಕೇಳ್ತಿದ್ದಾಳೆ. ನಾನು ಕೇಳುವುದಿಲ್ಲ, ನೀನೇ ಕೇಳು ಅಂದೆ.